ಇಸ್ಸಿ ವುಡ್: ವೆಲ್ವೆಟ್ ಮೇಲೆ ಎಣ್ಣೆಬಣ್ಣ, ಜೊತೆಗೆ ಪಾಪ್ ಹಾಡು. ಎರಡೂ ಹೇಗೆ ನಡೆಯುತ್ತೆ?

ಕುಂಚಪ್ರಿಯ:
ಲಂಡನ್ನಿನ ಇಸ್ಸಿ ವುಡ್ ಅವರ ಎಷ್ಟೋ ಚಿತ್ರಗಳ ಕೆಳಗೆ ‘ವೆಲ್ವೆಟ್ ಮೇಲೆ ಎಣ್ಣೆಬಣ್ಣ’ ಅಂತ ಇರುತ್ತೆ. ಕಾರಿನ ಸೀಟು, ಚರ್ಮದ ಜಾಕೆಟ್, ಹಲ್ಲು, ಪಿಂಗಾಣಿ ಬೋಗುಣಿ, ಎಲ್ಲ ಮಬ್ಬುಗತ್ತಲಲ್ಲಿ ಹೊಳೆಯುತ್ತವೆ. ಆದರೆ ವೆಲ್ವೆಟ್ಟಿಗೆ ಬಣ್ಣ ಹಚ್ಚಿದರೆ ಜುಂಗು (ಬಟ್ಟೆ ಮೇಲೆ ನಿಂತಿರೋ ಮೃದು ಎಳೆಗಳು) ಗಂಟುಕಟ್ಟುತ್ತೆ, ಸುತ್ತ ಎಣ್ಣೆಕಲೆ ಹರಡುತ್ತೆ. ತಡೆಯೋದು ಹೇಗೆ? ಅವರು ಪಾಪ್ ಹಾಡುಗಳನ್ನೂ ಬಿಡುಗಡೆ ಮಾಡ್ತಾರೆ. ಈ ಎರಡು ಕಸುಬುಗಳ ಹಣ, ಹಕ್ಕುಗಳ ಲೆಕ್ಕ ಹೇಗೆ?

ಅಗಸೆಎಣ್ಣೆ:
ಎರಡು ತೊಂದರೆಗೂ ಕಾರಣ ಬಣ್ಣದಲ್ಲಿರೋ ಹೆಚ್ಚುವರಿ ಎಣ್ಣೆ. ಟ್ಯೂಬಿನಿಂದ ಹಿಂಡಿದ ಬಣ್ಣವನ್ನು ಒರಟು ರಟ್ಟಿನ ಮೇಲೆ ಎರಡು-ಮೂರು ಗಂಟೆ ಬಿಡಿ. ರಟ್ಟು ಎಣ್ಣೆ ಹೀರಿಕೊಂಡು ಬಣ್ಣ ಗಟ್ಟಿಯಾಗುತ್ತೆ. ಮತ್ತೆ ಅಗಸೆ ಎಣ್ಣೆಯಾಗಲಿ ಟರ್ಪೆಂಟೈನ್ ಆಗಲಿ ಬೆರೆಸಬೇಡಿ.

ಬಟ್ಟೆ ನಾಲ್ಕೂ ಕಡೆ 3 ಇಂಚು ಹೆಚ್ಚಿರಲಿ. ಚೌಕಟ್ಟಿಗೆ ಮೊದಲು ಸಾದಾ ಹತ್ತಿ ಕ್ಯಾನ್ವಾಸ್ ಬಿಗಿದು, ಅದರ ಮೇಲೆ ವೆಲ್ವೆಟ್ ಎಳೆಯಿರಿ. ಒಣಗುವ ಅಗಸೆ ಎಣ್ಣೆ ಹತ್ತಿ ನೂಲನ್ನು ವರ್ಷಗಳಲ್ಲಿ ಪೆಡಸು ಮಾಡುತ್ತೆ. ಹಿಂದೆ ಇನ್ನೊಂದು ಪದರ ಇದ್ದರೆ ಭಾರ ಅದು ಹೊರುತ್ತೆ. ಸ್ಟೇಪಲ್ ಹೊಡೆಯೋದು ಪ್ರತಿ ಬದಿಯ ನಡುವಿನಿಂದ ಮೂಲೆ ಕಡೆಗೆ. ಕೈಯಿಂದಲೇ ಎಳೆಯಿರಿ, ಇಕ್ಕಳದ ಗುರುತು ಹೋಗಲ್ಲ. ಬಟ್ಟೆಯನ್ನು ಕತ್ತರಿಸೋ ಮುಂಚೆಯೇ ಜುಂಗಿನ ದಿಕ್ಕು ನೋಡಿ: ಮೇಲ್ಮುಖವಾಗಿದ್ದರೆ ಬಣ್ಣ ಗಾಢವಾಗಿ ಕಾಣುತ್ತೆ, ಕೆಳಮುಖವಾಗಿದ್ದರೆ ಬೆಳಕು ಹೆಚ್ಚು ಹೊಳೆಯುತ್ತೆ.

ಮುಂಭಾಗಕ್ಕೆ ದಪ್ಪ ಜೆಸ್ಸೊ (ಬಣ್ಣಕ್ಕೂ ಮುಂಚೆ ಹಚ್ಚೋ ಬಿಳಿ ತಳಪದರ) ಬಳಿದರೆ ಜುಂಗು ಸತ್ತುಹೋಗುತ್ತೆ, ವೆಲ್ವೆಟ್ ತಗೊಂಡಿದ್ದೇ ವ್ಯರ್ಥ. ಗಡಸು ಬ್ರಷ್ಷಿಗೆ ಸ್ವಲ್ಪವೇ ಬಣ್ಣ ತಗೊಂಡು, ಅದನ್ನು ಬೇರೊಂದು ಚಿಂದಿ ಬಟ್ಟೆಗೆ ಒರೆಸಿ, ಜುಂಗಿನ ತುದಿಗೆ ಮಾತ್ರ ತಾಗಿಸಿ. ಹಸಿ ಇರುವಾಗಲೇ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚಿ ಎಳೆ ಬಿಡಿಸಿ. ಒಂದು ಪದರ ಮುಟ್ಟುವಷ್ಟು ಒಣಗಿದ ಮೇಲೆಯೇ ಇನ್ನೊಂದು. ನೆರಳಿಗೆ ಬಣ್ಣವೇ ಬೇಡ, ಕಪ್ಪು ವೆಲ್ವೆಟ್ ಇದ್ದ ಹಾಗೇ ಬಿಡಿ. ಇಲ್ಲಿ ತಪ್ಪು ಒರೆಸಕ್ಕಾಗಲ್ಲ: ಟರ್ಪೆಂಟೈನ್ ತಾಗಿಸಿದರೆ ಬಳೆಯಾಕಾರದ ಕಲೆ ಶಾಶ್ವತ. ಆದ್ದರಿಂದ ರೇಖಾಚಿತ್ರ ಕಾಗದದಲ್ಲಿ ಪೂರ್ತಿ ಮುಗಿಸಿ, ಆಮೇಲೆ ಸೀಮೆಸುಣ್ಣದಿಂದ ತೆಳುವಾಗಿ ಗುರುತು ಹಾಕಿ.

ವೆಲ್ವೆಟ್ ಮೇಲೆ ಬರೆದ ಗಾಯಕ ಎಲ್ವಿಸ್ ಪ್ರೀಸ್ಲಿಯ ಚಿತ್ರಗಳಿಂದಾಗಿ ಅಮೆರಿಕದಲ್ಲಿ ವೆಲ್ವೆಟ್ ಅಂದರೆ ಅಗ್ಗದ ಅಂಗಡಿಮಾಲು ಅನ್ನೋ ಭಾವನೆ ಬಂದಿತ್ತು. ಅದೇ ಬಟ್ಟೆಯಲ್ಲಿ ವುಡ್ ಇಷ್ಟು ಗಂಭೀರವಾದ, ಉಸಿರು ಬಿಗಿಹಿಡಿದಂಥ ಚಿತ್ರ ಬರೆದಿದ್ದು ನಿಜಕ್ಕೂ ದೊಡ್ಡ ವಿಷಯ.

ತಂತಿನಾದ:
ಹಣದ ಭಾಗ ನಾನು ಹೇಳ್ತೀನಿ. ವುಡ್ ಹುಟ್ಟಿದ್ದು 1993ರಲ್ಲಿ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜು ಮುಗಿಸಿ, 2018ರಲ್ಲಿ ಅಲ್ಲಿನ ಕಲಾಶಾಲೆ ರಾಯಲ್ ಅಕಾಡೆಮಿ ಸ್ಕೂಲ್ಸ್‌ನಿಂದ ಹೊರಬಂದರು. ಲಂಡನ್ನಿನಲ್ಲಿ ಕಾರ್ಲೋಸ್/ಇಶಿಕಾವಾ ಗ್ಯಾಲರಿ, ನ್ಯೂಯಾರ್ಕಿನಲ್ಲಿ ಮೈಕೆಲ್ ವರ್ನರ್ ಗ್ಯಾಲರಿ ಅವರ ಚಿತ್ರಗಳನ್ನು ತೋರಿಸಿವೆ. ಹಾಡುಗಳು ಮೊದಲು ಸಂಗೀತ ನಿರ್ಮಾಪಕ ಮಾರ್ಕ್ ರಾನ್ಸನ್ ಅವರ ಜೆಲಿಗ್ ಲೇಬಲ್‌ನಿಂದ (ಹಾಡು ಬಿಡುಗಡೆ ಮಾಡೋ ಕಂಪನಿ) ಬಂದವು, ಆಮೇಲೆ ವುಡ್ ಆ ಲೇಬಲ್ಲಿಂದ ಹೊರಬಂದರು. ಚಿತ್ರಕಲೆಯ ಆದಾಯ ಇದ್ದವರಿಗೆ ಆ ಹೆಜ್ಜೆ ಇಡೋದು ಹಗುರ.

ಚಿತ್ರ ಒಂದೇ ವಸ್ತು, ಒಮ್ಮೆ ಮಾರಿದರೆ ಮುಗೀತು. ಗ್ಯಾಲರಿ ಸಾಮಾನ್ಯವಾಗಿ ಅರ್ಧ ತಗೊಳ್ಳುತ್ತೆ. ಆದರೆ ಬ್ರಿಟನ್ನಿನಲ್ಲಿ 2006ರಿಂದ ಹರಾಜು, ಡೀಲರ್ ಮೂಲಕ ಮರುಮಾರಾಟವಾದರೆ ಕಲಾವಿದರಿಗೆ ಪಾಲುಂಟು, ಬೆಲೆಯ ಮೊದಲ ಹಂತಕ್ಕೆ 4%. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂನಲ್ಲೂ 10,000 ರೂಪಾಯಿ ಮೀರಿದ ಮರುಮಾರಾಟಕ್ಕೆ ಗರಿಷ್ಠ 10% ಪಾಲು ಇದೆ. ಹೆಚ್ಚಿನವರು ಕೇಳೋದೇ ಇಲ್ಲ.

ಹಾಡಿನಲ್ಲಿ ಹಕ್ಕು ಎರಡು: ಸಾಹಿತ್ಯ-ರಾಗದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಬ್ರಿಟನ್ನಿನಲ್ಲಿ ಹಾಡು ಬಳಸಿದವರಿಂದ ಹಣ ಸಂಗ್ರಹಿಸಿ ಹಂಚೋ ಸಂಸ್ಥೆಗಳಿವೆ: ಮೊದಲನೆಯದಕ್ಕೆ ಪಿಆರ್‌ಎಸ್, ಎರಡನೆಯದಕ್ಕೆ ಪಿಪಿಎಲ್. ಒಂದರಲ್ಲಿ ಮಾತ್ರ ಹೆಸರು ನೋಂದಾಯಿಸಿದರೆ ಇನ್ನೊಂದರ ಹಣ ನಿಮ್ಮ ಕೈಗೆ ಬರಲ್ಲ. ಧ್ವನಿಮುದ್ರಣದ ಹಕ್ಕನ್ನು ಲೇಬಲ್‌ಗೆ ಬರೆದುಕೊಟ್ಟಿದ್ದರೆ, ನೀವು ಹೊರಬಂದರೂ ಹಳೇ ಮುದ್ರಣಗಳು ಅಲ್ಲೇ ಉಳಿಯುತ್ತವೆ. ಎಷ್ಟು ವರ್ಷಕ್ಕೆ ವಾಪಸ್ ಅನ್ನೋ ಸಾಲು ಒಪ್ಪಂದದಲ್ಲಿದೆಯಾ ನೋಡಿ.

ಕುಂಚಪ್ರಿಯ:
ಬಹಳ ಉಪಯೋಗ ಆಯ್ತು. ಮಾರಿದ ಚಿತ್ರವನ್ನೇ ಹಾಡಿನ ಮುಖಪುಟಕ್ಕೆ ಹಾಕಬಹುದಾ?

ತಂತಿನಾದ:
ಹಾಕಬಹುದು. ಬರವಣಿಗೆಯಲ್ಲಿ ಬಿಟ್ಟುಕೊಡದ ಹೊರತು ಕೃತಿಸ್ವಾಮ್ಯ ಚಿತ್ರಕಾರರದೇ, ಕೊಂಡವರದಲ್ಲ. ಆದರೆ ಗ್ಯಾಲರಿ ತೆಗೆಸಿದ ಫೋಟೋದ ಹಕ್ಕು ಫೋಟೋಗ್ರಾಫರ್‌ಗೆ ಇರಬಹುದು, ಅನುಮತಿ ಕೇಳಿ. ಚಿತ್ರ ಕೈಬಿಡೋ ಮುಂಚೆ ನೀವೇ ಫೋಟೋ ತೆಗೆದಿಡೋದು ಒಳ್ಳೇದು, ಮುಖಪುಟಕ್ಕೆ 3000×3000 ಪಿಕ್ಸೆಲ್ ಬೇಕು.

ಅಗಸೆಎಣ್ಣೆ:
ಫೋಟೋ ತೆಗೆಯುವಾಗ ಒಂದೇ ಕಡೆಯಿಂದ ಬೆಳಕು ಬಿಟ್ಟರೆ ಜುಂಗು ಹೊಳೆದು ಕಪ್ಪು ಬೂದಿಯಾಗುತ್ತೆ. ಎರಡು ದೀಪ, 45 ಡಿಗ್ರಿ, ಲೆನ್ಸಿಗೂ ದೀಪಗಳಿಗೂ ಪೋಲರೈಸರ್ (ಹೊಳಪು ತಡೆಯೋ ಫಿಲ್ಟರ್). ಅದಕ್ಕೂ ಮೊದಲು ಲಿಂಟ್ (ಅಂಟಿಕೊಂಡ ಸಣ್ಣ ನೂಲಿನ ಎಳೆ, ಧೂಳು) ಬಣ್ಣ ಇಲ್ಲದ ಜಾಗದಿಂದ ಮಾತ್ರ, ಮೃದು ಬ್ರಷ್ಷಿನಿಂದ ತೆಗೀರಿ.