ಮಳೆಮಾಪಕ: ಫಂಕ್ಷನ್ ಒಳಗೆ 1, ಹೊರಗೆ 0! ಯಾರಾದರೂ ನೋಡಿ

ಆಲ್ದೂರು_ತೋಟ:
ಮಳೆಮಾಪಕಕ್ಕೆ ಪ್ರೋಗ್ರಾಂ ಬರೆಯಹೋಗಿ ತಲೆ ಕೆಟ್ಟಿದೆ. ಮಳೆನೀರು ತುಂಬಿ ಮಾಪಕದೊಳಗಿನ ಪುಟ್ಟ ಬಕೆಟ್ ಮಗುಚಿದಾಗಲೆಲ್ಲ ಎಣಿಕೆ ಏರಬೇಕು. ಎಣಿಸುವ ಫಂಕ್ಷನ್ (ಪ್ರತಿ ಮಗುಚಿಗೂ ಓಡುವ ಕೋಡಿನ ತುಂಡು) ಒಳಗೆ ಪ್ರಿಂಟ್ ಮಾಡಿದರೆ 1, ಹೊರಗೆ 0. ಎಷ್ಟು ಸಲ ಮಗುಚಿಸಿದರೂ ಅಷ್ಟೇ. ಕಾಫಿ ಹೂ ಅರಳಿಸುವ ಹೂಮಳೆ ಇವತ್ತೋ ನಾಳೆಯೋ ಎನ್ನುವಂತಿದೆ, ಬೇಗ ಹೇಳಿ.

ಹಾಸನ_ಸರ್ಕ್ಯೂಟ್:
ರೀಡ್ ಸ್ವಿಚ್ (ಬಕೆಟ್ಟಿನ ಅಯಸ್ಕಾಂತಕ್ಕೆ ಮುಚ್ಚಿಕೊಳ್ಳುವ ಸ್ವಿಚ್) ಬೌನ್ಸ್, ಅಂದರೆ ಒಮ್ಮೆ ಮುಚ್ಚುವಾಗ ಹಲವು ಸಲ ಅದುರುವುದು. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ.

ಮಲೆನಾಡು_ಕೋಡ್:
ಯಾವ ಬೋರ್ಡ್? ಕೋಡ್ ಎಲ್ಲಿ?

ಆಲ್ದೂರು_ತೋಟ:
ಎಲ್ಲರೂ ಬಳಸುವ ಬೋರ್ಡೇ. ಕೋಡ್ ಉದ್ದವಾಗಿದೆ. ಕೆಪಾಸಿಟರ್ ಹಾಕಿದೆ, ಅದೇ 1, ಅದೇ 0.

ಹಾಸನ_ಸರ್ಕ್ಯೂಟ್:
ಹಾಗಾದರೆ ಇನ್ನೂ ದೊಡ್ಡ ಕೆಪಾಸಿಟರ್ ಬೇಕು.

ಮಲೆನಾಡು_ಕೋಡ್:
ಬೌನ್ಸ್ ಇದ್ದರೆ ಎಣಿಕೆ ಅಡ್ಡಾದಿಡ್ಡಿ ಏರುತ್ತದೆ ಸ್ವಾಮಿ, 1ಕ್ಕೇ ಅಂಟಿಕೊಳ್ಳುವುದಿಲ್ಲ.

ಬೇಲೂರು_ಬಿಟ್:
ಇಂಟರಪ್ಟ್ (ಸ್ವಿಚ್ ಒತ್ತಿದೊಡನೆ ನಡೆಯುತ್ತಿರುವ ಕೆಲಸ ನಿಲ್ಲಿಸಿ ಫಂಕ್ಷನ್ ಓಡಿಸುವ ವ್ಯವಸ್ಥೆ) ಬಳಸಿದ್ದೀರಾ? ಎಣಿಕೆ ಇಡುವ ವೇರಿಯಬಲ್‌ಗೆ 'ವೊಲಟೈಲ್' (ಬೆಲೆ ಯಾವಾಗ ಬೇಕಾದರೂ ಬದಲಾಗಬಹುದು ಎಂಬ ಸೂಚನೆ) ಇಲ್ಲದಿದ್ದರೆ ಕಂಪೈಲರ್ ಹಳೆಯ ಬೆಲೆಯನ್ನೇ ಪ್ರೊಸೆಸರಿನೊಳಗಿನ ರಿಜಿಸ್ಟರಿನಲ್ಲಿ ಹಿಡಿದು ಕೂರಬಹುದು. ಆರ್ಡುಯಿನೊ ಉನೊ ಆರ್3 ಬೋರ್ಡ್ ಆದರೆ 'ಇಂಟ್' (ಪೂರ್ಣಾಂಕದ ವೇರಿಯಬಲ್) ಎರಡು ಬೈಟ್, ಪ್ರೊಸೆಸರ್ 8 ಬಿಟ್. ಓದುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿ, ಇಲ್ಲವಾದರೆ ಅರ್ಧ ಹಳೆಯದು ಅರ್ಧ ಹೊಸದು ಸಿಗಬಹುದು.

ಮಲೆನಾಡು_ಕೋಡ್:
ಅದೂ ಬೇಕು. ಆದರೆ ಒಳಗಿನ 1 ಏಕೆ ಏರುವುದಿಲ್ಲ ಎಂಬುದಕ್ಕೆ ಅದು ಉತ್ತರವಲ್ಲ. ಫಂಕ್ಷನ್ನಿನ ಮೊದಲ ಸಾಲು ಏನಿದೆ?

ಆಲ್ದೂರು_ತೋಟ:
'ಇಂಟ್ ಎಣಿಕೆ = 0'. ಫೈಲಿನ ತಲೆಯಲ್ಲೂ ಅದೇ ಸಾಲು ಇದೆ. ಇರಲೇಬೇಕಲ್ಲವೇ?

ಮಲೆನಾಡು_ಕೋಡ್:
ಸಿಕ್ಕಿತು. ಫಂಕ್ಷನ್ ಒಳಗೆ 'ಇಂಟ್' ಎಂದು ಬರೆದರೆ ಅದೇ ಹೆಸರಿನ ಇನ್ನೊಂದು ವೇರಿಯಬಲ್ ಹುಟ್ಟುತ್ತದೆ. ಪ್ರತಿ ಕರೆಗೂ ಅದು 0 ಆಗಿ ಹುಟ್ಟಿ, 1 ಆಗಿ, ಫಂಕ್ಷನ್ ಮುಗಿದೊಡನೆ ಅಳಿಯುತ್ತದೆ. ಫೈಲಿನ ತಲೆಯಲ್ಲಿರುವ ಗ್ಲೋಬಲ್ (ಎಲ್ಲ ಕಡೆಗೂ ಕಾಣುವ) ಎಣಿಕೆಯನ್ನು ಯಾರೂ ಮುಟ್ಟಿಯೇ ಇಲ್ಲ. ಒಳಗಿನ ಸಾಲನ್ನು ಇಡಿಯಾಗಿ ಅಳಿಸಿ. 'ಇಂಟ್' ಅಷ್ಟನ್ನೇ ತೆಗೆದರೆ ಗ್ಲೋಬಲ್ಲೇ ಪ್ರತಿ ಸಲ ಸೊನ್ನೆಯಾಗುತ್ತದೆ, ಎಚ್ಚರ. 'ಸ್ಟ್ಯಾಟಿಕ್' ಸೇರಿಸಿದರೆ ಬೆಲೆ ಉಳಿಯುತ್ತದೆ, ಆದರೆ ಹೊರಗಿನವರಿಗೆ ಆ ಹೆಸರು ಕಾಣುವುದಿಲ್ಲ. ನಂಬಿಕೆ ಬಾರದಿದ್ದರೆ ಎರಡೂ ಕಡೆ ಬೆಲೆಯ ಜೊತೆಗೆ ಮೆಮೊರಿ ವಿಳಾಸವನ್ನೂ ಪ್ರಿಂಟ್ ಮಾಡಿ ನೋಡಿ. ವಿಳಾಸ ಬೇರೆಯಾದರೆ ವೇರಿಯಬಲ್ಲೂ ಬೇರೆ.

ಬೇಲೂರು_ಬಿಟ್:
ಒಂದು ಮಗುಚಿಗೆ 0.2 ಮಿಲಿಮೀಟರ್ ತಾನೆ? ಮಿಲಿಮೀಟರಿನಲ್ಲೇ ಲೆಕ್ಕವಿಡಿ.

ಆಲ್ದೂರು_ತೋಟ:
ನನಗೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬೇಕು. ಪಕ್ಕದ ತೋಟದವರು '80 ಸೆಂಟ್ ಬಂತು' ಎಂದು ಫೋನ್ ಮಾಡಿದರೆ ನಾನು ಮಿಲಿಮೀಟರ್ ಒಪ್ಪಿಸಲೇ?

ಬೇಲೂರು_ಬಿಟ್:
ಹವಾಮಾನ ಇಲಾಖೆಯೇ ಮಿಲಿಮೀಟರ್ ಬಳಸುತ್ತದೆ.

ಮಲೆನಾಡು_ಕೋಡ್:
ಇಂಚಿಗೆ 127 ಮಗುಚು. ಜಗಳ ಮುಗಿಸಿ. ಎಣಿಕೆ ಏರಿತೇ?

ಆಲ್ದೂರು_ತೋಟ:
ಸಾಲು ಅಳಿಸಿದೆ, ವೊಲಟೈಲ್ ಸೇರಿಸಿದೆ, ಏರುತ್ತಿದೆ. ಆದರೆ ಒಮ್ಮೆ ಮಗುಚಿದರೆ 3 ಏರುತ್ತದೆ. ಕೆಪಾಸಿಟರ್ ಕಿತ್ತಿಟ್ಟಿದ್ದೇನೆ.

ಹಾಸನ_ಸರ್ಕ್ಯೂಟ್:
ಬೌನ್ಸ್! ಮೊದಲೇ ಹೇಳಲಿಲ್ಲವೇ? ನನ್ನ ತಾರಸಿಯ ಮಾಪಕದಲ್ಲಿ ಈ ತಕರಾರೇ ಇಲ್ಲ. ಸೌರ ಫಲಕ, ದೂರಕ್ಕೆ ಅಂಕಿ ಕಳಿಸುವ ಲೋರಾ ರೇಡಿಯೊ, ಗಾಳಿಯ ದಿಕ್ಕು ತೋರಿಸುವ ಕೋಳಿ ಎಲ್ಲವೂ ಇವೆ. ಚಿತ್ರ ಹಾಕಲೇ?

ಬೇಲೂರು_ಬಿಟ್:
ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಲೋರಾ ಎಷ್ಟು ದೂರ ಮುಟ್ಟುತ್ತಿದೆ ಎಂಬುದನ್ನೂ ಬರೆಯಿರಿ, ನನಗೆ ಬೇಕಿತ್ತು.