ಪೆಸಾಹ್ ಹಬ್ಬಕ್ಕೆ ಹಳೆಯ ಕುಕ್ಕರ್ ಬಳಸಬಹುದೇ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು; ಇಸ್ರೇಲಿನಲ್ಲಿ ವಯಸ್ಸಾದ ಯಹೂದಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಯಹೂದಿಗಳ ಪೆಸಾಹ್ ಹಬ್ಬ ಹತ್ತಿರ ಬಂದಿದೆ. ಇಲ್ಲಿ ಆ 7 ದಿನ ಗೋಧಿ, ಬಾರ್ಲಿ, ಓಟ್ಸ್ ಮುಂತಾದ 5 ಧಾನ್ಯಗಳಿಂದಾದ ಹುಳಿಬಂದ ಪದಾರ್ಥಗಳನ್ನು ತಿನ್ನುವಂತಿಲ್ಲ, ಅವುಗಳನ್ನು ಬೇಯಿಸಿದ ಪಾತ್ರೆಗಳನ್ನೂ ಶುದ್ಧಿ ಮಾಡದೆ ಬಳಸುವಂತಿಲ್ಲ. ಅನುಕೂಲಸ್ಥರು ಹಬ್ಬಕ್ಕೆಂದೇ ಬೇರೆ ಪಾತ್ರೆ ಇಟ್ಟಿರುತ್ತಾರೆ; ಅಜ್ಜಿಯದು ಪಿಂಚಣಿಯಲ್ಲಿ ನಡೆಯುವ ಸಂಸಾರವಾದ್ದರಿಂದ ಒಂದು ವಾರಕ್ಕಾಗಿ ಹೊಸದನ್ನು ಕೊಳ್ಳಲು ಅವರು ಸುತರಾಂ ಒಪ್ಪುತ್ತಿಲ್ಲ.

ಸ್ಟೀಲ್ ಪಾತ್ರೆಗಳನ್ನು ಚೆನ್ನಾಗಿ ಉಜ್ಜಿ, ಒಂದು ಹಗಲು ಒಂದು ರಾತ್ರಿ ಬಳಸದೆ ಇಟ್ಟು, ಅವರು ಹೇಳಿಕೊಟ್ಟಂತೆ ಕುದಿಯುವ ನೀರಿನಲ್ಲಿ ಮುಳುಗಿಸಿ ತಣ್ಣೀರಿನಲ್ಲಿ ತೊಳೆದಿದ್ದೇನೆ. ಮಣ್ಣಿನ ಪಾತ್ರೆಗಳಿಗೆ ಈ ಶುದ್ಧಿ ನಡೆಯುವುದಿಲ್ಲವಾದ್ದರಿಂದ ಅವುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಯಿತು. (ನಮ್ಮೂರಿನ ಮಡಿಯನ್ನು ಕಂಡವಳಿಗೆ ಇದೇನೂ ವಿಚಿತ್ರವೆನಿಸಲಿಲ್ಲ.) ತೊಡಕಿರುವುದು ಪ್ರೆಶರ್ ಕುಕ್ಕರಿನದು. ವರ್ಷವಿಡೀ ಬಾರ್ಲಿ ಸೂಪು ಅದರಲ್ಲೇ ಬೆಂದಿದೆ. ಮುಚ್ಚಳದ ಅಂಚನ್ನೂ ಸೀಟಿ ಕೂರುವ ಕೊಳವೆಯನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ ಮೇಲೂ ರಬ್ಬರ್ ಗ್ಯಾಸ್ಕೆಟ್ಟಿನಲ್ಲಿ ಸೂಪಿನ ವಾಸನೆ ಉಳಿದಿದೆ. ಅದನ್ನೂ ಕುದಿಸಿದರೆ ಸಾಕೆಂದು ನೆರೆಮನೆಯವರು ಹೇಳುತ್ತಾರೆ, ರಬ್ಬರಿಗೆ ಅದು ಸಲ್ಲದೆಂದು ಅಜ್ಜಿಯ ಮಗಳು ಹಟ ಹಿಡಿದಿದ್ದಾರೆ. ಇದನ್ನು ತೀರ್ಮಾನಿಸಬೇಕಾದ ಯಹೂದಿ ಧರ್ಮಗುರು ರಬ್ಬಿಯವರು ಹಬ್ಬದ ಗಡಿಬಿಡಿಯಲ್ಲಿ ಫೋನಿಗೆ ಸಿಗುತ್ತಿಲ್ಲ.

ಇಂಥ ಮನೆಗಳಲ್ಲಿ ಪೆಸಾಹ್ ಅಡುಗೆ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ: ಗ್ಯಾಸ್ಕೆಟ್ಟನ್ನು ಮಾತ್ರ ಹೊಸದಾಗಿ ಹಾಕಿ, ಲೋಹದ ಭಾಗಗಳನ್ನೆಲ್ಲ ಬಿಚ್ಚಿ ಕುದಿಸಿದರೆ ನಿಮ್ಮ ಮನೆಯವರು ಒಪ್ಪಿದ್ದಾರೆಯೇ, ಅಥವಾ ಕುಕ್ಕರನ್ನೇ ಎತ್ತಿಡಬೇಕಾಯಿತೇ?