ಬೀಚಿನ ಹೆಜ್ಜೆಗುರುತು ಫೋಟೋದಲ್ಲಿ ಉಬ್ಬಿ ಕಾಣುತ್ತಿದೆ, ಯಾಕೆ?

ಕಾಳಿತೀರ:
ನಿನ್ನೆ ಸಂಜೆ ಕಾರವಾರ ಬೀಚಿನಲ್ಲಿ ಸೂರ್ಯ ಮುಳುಗುವ ಸ್ವಲ್ಪ ಮೊದಲು ಮಗಳ ಹೆಜ್ಜೆಗುರುತಿನ ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಹೆಜ್ಜೆ ಮರಳಿನಲ್ಲಿ ಹುಗಿದ ಹಾಗಿಲ್ಲ, ಮೇಲೆದ್ದು ನಿಂತ ಹಾಗಿದೆ, ಐದು ಬೆರಳೂ ಪುಟ್ಟ ಗೋಲಿಗಳ ಹಾಗೆ! ಹೆಂಡತಿಗೆ ತೋರಿಸಿದರೆ "ಗುಳಿನೇ ಅಲ್ವಾ, ಕನ್ನಡಕ ಬದಲಿಸಿ" ಅನ್ನುತ್ತಾಳೆ. ಕ್ಯಾಮೆರಾ ದೋಷವೋ, ನನ್ನ ಕಣ್ಣಿನದೋ?

ತೋಟದಮನೆ:
ಎರಡೂ ಅಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ರಾ? ಸ್ಕ್ರೀನ್ ತಿರುಗದ ಹಾಗೆ ಲಾಕ್ ಮಾಡಿ, ಮೊಬೈಲನ್ನು ತಲೆಕೆಳಗು ಹಿಡಿದು ನೋಡಿ.

ಕಾಳಿತೀರ:
ಹೌದು, ಗಾಳಿ ಮರಗಳ ಕಡೆ ಮುಖ ಮಾಡಿದ್ದೆ. ತಿರುಗಿಸಿದ ಕೂಡಲೇ ಗುಳಿಯಾಯ್ತು ಮಾರಾಯ್ರೇ, ಇದೆಂತ ಮಾಟ?

ತೋಟದಮನೆ:
ಮಾಟ ಎಂತದೂ ಇಲ್ಲ. ಸೂರ್ಯ ನಿಮ್ಮ ಬೆನ್ನ ಹಿಂದೆ, ಅದೂ ಕೆಳಗೆ ಇಳಿದಿದ್ದ. ಹಾಗಾಗಿ ಗುಳಿಯ ಆಚೆ ಬದಿಗೆ ಬಿಸಿಲು, ನಿಮ್ಮ ಕಡೆಯ ಬದಿಗೆ ನೆರಳು. ಫೋಟೋದಲ್ಲಿ ಅದು ಮೇಲೆ ಬೆಳಕು, ಕೆಳಗೆ ನೆರಳು ಅಂತ ಬರುತ್ತದೆ. ನಮ್ಮ ಮಿದುಳು ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಅಂದುಕೊಂಡು ಲೆಕ್ಕ ಹಾಕುತ್ತದೆ, ಮೇಲುಗಡೆ ಬೆಳ್ಳಗಿದ್ದರೆ ಉಬ್ಬು ಅಂತ ತೀರ್ಮಾನ. ಚಂದ್ರನ ಮೇಲಿನ ಕುಳಿಗಳ ಫೋಟೋ ತಿರುಗಿಸಿದರೂ ಹೀಗೇ, ಕುಳಿ ಹೋಗಿ ಗುಡ್ಡ ಆಗುತ್ತದೆ.

ಅಪ್ಪೆಮಿಡಿ:
ನಮ್ಮನೆಯಲ್ಲೂ ಇದೇ ಆಗಿತ್ತು! ಶಿರಸಿ ಹತ್ತಿರ ಶಾಲ್ಮಲಾ ಹೊಳೆಯ ಸಹಸ್ರಲಿಂಗದ ಫೋಟೋ ಮನೆಯವರ ಗ್ರೂಪಿಗೆ ತಲೆಕೆಳಗಾಗಿ ಹೋಗಿಬಿಟ್ಟಿತ್ತು. ಅಪ್ಪಯ್ಯ ನೋಡಿ "ಇದೆಲ್ಲಿಯ ಒರಳುಕಲ್ಲು, ಇಷ್ಟೊಂದು?" ಅಂದರು. ಲಿಂಗ ಅಂದರೂ ಒಪ್ಪಲಿಲ್ಲ. ಮೂಲೆಯಲ್ಲಿ ಕಾಲು ಮೇಲಾಗಿದ್ದ ಬಸವನನ್ನು ತೋರಿಸಿದ ಮೇಲೆ ಒಮ್ಮೆಲೇ ಎಲ್ಲ ಎದ್ದು ಬಂದವು.

ಸುಮ್ನೆಒಬ್ಬ:
ಒಮ್ಮೆ ಮೊಲ, ಒಮ್ಮೆ ಬಾತುಕೋಳಿ ಹಾಗೆ ಕಾಣುವ ಆ ಮೊಲ-ಬಾತುಕೋಳಿ ಚಿತ್ರವೂ ಇದೇ ಅಲ್ವಾ?

ತೋಟದಮನೆ:
ಪೂರ್ತಿ ಅಲ್ಲ. ಅದು 1892ರಲ್ಲಿ ಜರ್ಮನಿಯ ಒಂದು ಹಾಸ್ಯ ಪತ್ರಿಕೆಯಲ್ಲಿ ಬಂದದ್ದು. ಅದರಲ್ಲಿ ಬೆಳಕಿನ ಲೆಕ್ಕ ಇಲ್ಲ, ಕೊಕ್ಕು ಅಂದುಕೊಂಡದ್ದೇ ಕಿವಿ ಆಗುತ್ತದೆ, ಅಷ್ಟೇ. ಆದರೆ ಒಂದು ಹೋಲಿಕೆ ಇದೆ. ಎರಡನ್ನೂ ಒಟ್ಟಿಗೆ ನೋಡಲಿಕ್ಕೆ ಆಗುವುದಿಲ್ಲ, ಒಂದು ಬಂದರೆ ಇನ್ನೊಂದು ಹೋಗುತ್ತದೆ.

ಕಾಳಿತೀರ:
ಈಗ ಫೋಟೋ ನೇರ ಹಿಡಿದರೂ ನನಗೆ ಗುಳಿಯೇ ಕಾಣುತ್ತಿದೆ, ಅವಳಿಗೆ ಉಬ್ಬು! ಕನ್ನಡಕದ ಮಾತು ನಾನೂ ಎತ್ತಲಿಲ್ಲ. ನಾಳೆ ಮೋಡ ಇಲ್ದಿದ್ರೆ ಸಮುದ್ರದ ಕಡೆ ಮುಖ ಮಾಡಿ ಇನ್ನೊಂದು ತೆಗೆದು ಹಾಕುತ್ತೇನೆ.